ದುರ್ಗದಲ್ಲಿ ಒಳ್ಳೆ ಮೀನು ಎಲ್ಲಿ ಸಿಗ್ತದೆ?

ಊರಿನಿಂದ ಯಾರೇ ಫೋನ್ ಮಾಡಲಿ, ಸಲಾಂ ಹೇಳಿ, ಮಕ್ಕಳ ಕ್ಷೇಮ ಕೇಳಿ ಆದ ಮೇಲೆ ಮೂರನೆಯ ಪ್ರಶ್ನೆ ಇದೇ: "ಅಲ್ಲಿ ಮೀನು ಸಿಗ್ತದಾ?" ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಬೇಕರಿ, ಹೋಟೆಲ್, ಹಣ್ಣಿನ ವ್ಯಾಪಾರ ಎಂದು ಬಂದು ನೆಲೆಸಿದ ಬ್ಯಾರಿ ಮನೆಯವರೆಲ್ಲ ಈ ಪ್ರಶ್ನೆಗೆ ಉತ್ತರ ಕೊಟ್ಟವರೇ. ಈಗೀಗ ರಜೆಯಲ್ಲಿ ಕೋಟೆ ನೋಡಲಿಕ್ಕೆ, ವಾಣಿವಿಲಾಸ ಸಾಗರ ನೋಡಲಿಕ್ಕೆ ಕರಾವಳಿಯಿಂದ ಕುಟುಂಬ ಸಮೇತ ಬರುವವರೂ ಹೆಚ್ಚಾಗಿದ್ದಾರೆ. ಅವರಿಗೂ ಮಧ್ಯಾಹ್ನ ಒಂದು ಗಂಟೆಗೆ ಮೀನಿನ ನೆನಪು ಬಂದೇ ಬರ್ತದೆ. ಚೋರು, ಮೀನು ಇಲ್ಲದ ಊಟ ನಮಗೆ ಊಟದ ಲೆಕ್ಕಕ್ಕೇ ಸೇರುವುದಿಲ್ಲವಲ್ಲ.

ಸಿಗ್ತದೆ ಎಂದು ಹೇಳಿಬಿಡುವುದು ಸುಲಭ. ಎಂಥ ಮೀನು, ಎಷ್ಟು ದಿನದ್ದು, ಎಲ್ಲಿ ಕೂತು ತಿಂದರೆ ಕೊಟ್ಟ ಹಣಕ್ಕೂ ಹೊಟ್ಟೆಗೂ ನ್ಯಾಯ ಎಂಬುದು ಸ್ವಲ್ಪ ಬಿಡಿಸಿ ಹೇಳಬೇಕಾದ ಮಾತು.

ಮೊದಲು ಕಡಲ ಮೀನಿನ ವಿಷಯ. ಮಂಗಳೂರಿನಿಂದ ಕಾರ್ಕಳ, ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ, ಹೊಳಲ್ಕೆರೆ ದಾಟಿ ಚಿತ್ರದುರ್ಗಕ್ಕೆ ಬರುವ ದಾರಿ ಹಳೆಯ ರಾಷ್ಟ್ರೀಯ ಹೆದ್ದಾರಿ 13. ಸುಮಾರು 300 ಕಿ.ಮೀ. ಮಂಗಳೂರಿನ ದಕ್ಕೆಯಲ್ಲಿ, ಮಲ್ಪೆಯಲ್ಲಿ ಬೆಳಗ್ಗೆ ಏಲಂ ಆದ ಮೀನು ಐಸ್ ತುಂಬಿದ ಪೆಟ್ಟಿಗೆಯಲ್ಲಿ ಘಾಟಿ ಹತ್ತಿ, ಮರುದಿನ ಬೆಳಗ್ಗೆ ಇಲ್ಲಿನ ಮಾರುಕಟ್ಟೆಯ ಹಲಗೆ ಮೇಲೆ ಮಲಗಿರ್ತದೆ. ಅಂದರೆ ಒಂದು ದಿನ ಹಳತು, ಅಷ್ಟೇ ತಾನೇ ಎಂದು ನಾವು ಲೆಕ್ಕ ಹಾಕ್ತೇವೆ. ಆದರೆ ಲೆಕ್ಕ ದಕ್ಕೆಯಿಂದ ಶುರುವಾಗುವುದಲ್ಲ. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟುಗಳು ಎಂಟು ಹತ್ತು ದಿನ ಕಡಲಲ್ಲೇ ಇದ್ದು ವಾಪಸ್ ಬರ್ತವೆ. ಮೊದಲ ದಿನ ಬಲೆಗೆ ಬಿದ್ದದ್ದು, ಕೊನೆಯ ದಿನ ಬಿದ್ದದ್ದು ಒಂದೇ ಬೋಟಿನ ಹೊಟ್ಟೆಯಲ್ಲಿ ಇರ್ತದೆ. ಮಂಗಳೂರಿನಲ್ಲಿ ಕೂತು "ಇವತ್ತಿನ ಮೀನು" ಎಂದು ತಿನ್ನುವವರಿಗೂ ಈ ಮಾತು ಅನ್ವಯಿಸ್ತದೆ, ನಮಗೆ ಅದರ ಮೇಲೆ ಇನ್ನೊಂದು ದಿನ. ಐಸ್ ಸರಿಯಾಗಿ ಹಾಕಿದ್ದರೆ, ಅಂದರೆ ಒಂದು ಕೆ.ಜಿ. ಮೀನಿಗೆ ಒಂದು ಕೆ.ಜಿ. ಐಸ್ ಲೆಕ್ಕದಲ್ಲಿ, ಅಂಜಲ್, ಮಾಂಜಿಯಂಥ ಮೀನು ಅಷ್ಟು ದಿನ ತಡೆದುಕೊಳ್ತದೆ. ಬೂತಾಯಿ ತಡೆಯುವುದಿಲ್ಲ. ಅದು ಕೊಬ್ಬಿನ ಮೀನು, ಹೊಟ್ಟೆ ಬೇಗ ಒಡೆಯುತ್ತದೆ. ಹಾಗಾಗಿ ದುರ್ಗದಲ್ಲಿ ಕೂತು ಬೂತಾಯಿ ಆಸೆ ಪಡುವವರಿಗೆ ನಾನು ಹೇಳುವುದು ಇಷ್ಟೇ: ಊರಿಗೆ ಹೋದಾಗ ತಿನ್ನಿ. ಅಲ್ಲಿ ರಾತ್ರಿ ಹೋಗಿ ಬೆಳಗ್ಗೆ ಬರುವ ಸಣ್ಣ ದೋಣಿಯ ಬೂತಾಯಿ ಸಿಗ್ತದೆ, ಅದರ ರುಚಿ ಬೇರೆಯೇ.

ಬಂಗುಡೆಯ ವಿಷಯದಲ್ಲಿ ಇನ್ನೂ ಸ್ವಲ್ಪ ಎಚ್ಚರ ಬೇಕು. ಕಳೆದ ಚಳಿಗಾಲದಲ್ಲಿ ನನ್ನ ಮದ್ರಸದ ಇಬ್ಬರು ಮಕ್ಕಳು, ಅಕ್ಕ ತಮ್ಮ, ಬೆಳಗ್ಗೆ ಮುಖವೆಲ್ಲ ಕೆಂಪಾಗಿ, ಮೈ ತುಂಬ ತುರಿಕೆ ಎಂದು ಬಂದರು. ಹಿಂದಿನ ರಾತ್ರಿ ಪ್ರಯಾಣದಿಂದ ಬರುವಾಗ ಹೆದ್ದಾರಿ ಬದಿಯ ಒಂದು ಹೋಟೆಲಿನಲ್ಲಿ ಬಂಗುಡೆ ಫ್ರೈ ತಿಂದಿದ್ದರಂತೆ. ಅವರ ಉಮ್ಮ ಯಾರದ್ದೋ ಕಣ್ಣು ಬಿದ್ದಿದೆ ಎಂದು ಹೇಳಿದರು. ಡಾಕ್ಟರ್ ಹೇಳಿದ್ದು ಮೀನಿನ ವಿಷಯ. ಬಂಗುಡೆ, ಬೂತಾಯಿ, ಕೇದರದಂಥ ಮೀನನ್ನು ಐಸ್ ಇಲ್ಲದೆ ಬೆಚ್ಚಗೆ ಇಟ್ಟರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟಿಕೊಳ್ತದೆ. ಆಮೇಲೆ ಎಷ್ಟೇ ಹುರಿಯಿರಿ, ಕುದಿಸಿರಿ, ಮತ್ತೆ ಫ್ರಿಜ್ಜಿನಲ್ಲಿಡಿ, ಅದು ಹೋಗುವುದಿಲ್ಲ. ಮಸಾಲೆ ಮೇಲಿಂದ ದಪ್ಪಗೆ ಹಚ್ಚಿದರೆ ನಾಲಿಗೆಗೆ ಗೊತ್ತಾಗುವುದೂ ಕಷ್ಟ. ಮಕ್ಕಳು ಸಂಜೆಗೆ ಸರಿಯಾದರು, ಅಲ್‌ಹಮ್ದುಲಿಲ್ಲಾಹ್. ಆದರೆ ಅವತ್ತಿನಿಂದ ಆ ಹುಡುಗಿ ಬಂಗುಡೆ ಎಂದರೆ ತಟ್ಟೆ ದೂಡುತ್ತಾಳೆ. ಕಡಲೂರಿನ ಮನೆತನದ ಹುಡುಗಿ, ಹೀಗಾದರೆ ಹೇಗೆ?

ಫಾರ್ಮಲಿನ್ ಬಗ್ಗೆಯೂ ಜನ ಕೇಳ್ತಾರೆ. 2018ರಲ್ಲಿ ಕೇರಳದಲ್ಲಿ 'ಆಪರೇಷನ್ ಸಾಗರ್ ರಾಣಿ' ಎಂಬ ತಪಾಸಣೆಯಲ್ಲಿ ಚೆಕ್‌ಪೋಸ್ಟುಗಳಲ್ಲಿ ಸಾವಿರಾರು ಕೆ.ಜಿ. ಫಾರ್ಮಲಿನ್ ಬೆರೆಸಿದ ಮೀನು ಸಿಕ್ಕಿತು. ಅದೇ ವರ್ಷ ಗೋವಾ ಹೊರಗಿನ ಮೀನಿಗೆ ಸ್ವಲ್ಪ ಕಾಲ ಬಾಗಿಲು ಹಾಕಿತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಕಾಗದದ ಪಟ್ಟಿ ಉಜ್ಜಿ ನೋಡುವ ಸಣ್ಣ ಕಿಟ್ ಮಾಡಿದ್ದಾರೆ. ನಮ್ಮ ಕೈಯಲ್ಲಿ ಕಿಟ್ ಇರುವುದಿಲ್ಲ, ಕಣ್ಣು ಮೂಗು ಇವೆ. ಮೀನಿನ ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಎತ್ತಿದರೆ ಕೆಂಪು ಕಾಣಬೇಕು, ಬೆರಳಿನಿಂದ ಒತ್ತಿದ ಗುಂಡಿ ಮೇಲೆ ಬರಬೇಕು. ಇದು ಎಲ್ಲ ಬ್ಯಾರಿ ಮನೆಯಲ್ಲೂ ಗೊತ್ತಿರುವುದೇ. ಗೊತ್ತಿಲ್ಲದ್ದು ಒಂದುಂಟು: ಮಾರುಕಟ್ಟೆಯಲ್ಲಿ ಎಲ್ಲ ಮೀನಿನ ಮೇಲೆ ನೊಣ ಕೂತು, ಒಂದೇ ರಾಶಿಯ ಮೇಲೆ ಕೂರದೆ ಇದ್ದರೆ, ಮೀನಿನ ವಾಸನೆಯೇ ಇಲ್ಲದಿದ್ದರೆ, ಮೈ ರಬ್ಬರಿನ ಹಾಗೆ ಗಟ್ಟಿಯಾಗಿದ್ದರೆ ಆ ರಾಶಿಯನ್ನು ಬಿಟ್ಟು ಮುಂದೆ ಹೋಗುವುದು ಒಳ್ಳೆಯದು.

ಇನ್ನು ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಪೂರ್ವ ಕರಾವಳಿಯ ರಜೆ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜೂನ್ ಮಧ್ಯದ ನಂತರ ಇಲ್ಲಿನ ಅಂಗಡಿಯಲ್ಲಿ "ಮಂಗ್ಳೂರ್ ಮೀನು" ಎಂದು ಕೂಗಿದರೆ ಅದು ಬಹುಶಃ ಬಂಗಾಳ ಕೊಲ್ಲಿಯ ಮೀನು, ಇಲ್ಲವೇ ಕೋಲ್ಡ್ ಸ್ಟೋರೇಜಿನದ್ದು. ಕೆಟ್ಟದ್ದೆಂದು ಹೇಳುತ್ತಿಲ್ಲ. ಹೆಸರಿಗೆ ಹಣ ಕೊಡಬೇಡಿ ಎಂದಷ್ಟೇ. ನಮ್ಮ ಹಿರಿಯರು ಆ ಎರಡು ತಿಂಗಳು ಒಣಮೀನು, ಹಲಸಿನ ಬೀಜ, ಮಾವಿನ ಹುಳಿಯಲ್ಲಿ ಸುಖವಾಗಿಯೇ ಕಳೆದವರು.

ಹಾಗಾದರೆ ದುರ್ಗದ ಕಡೆ ನಿಜವಾಗಿ ಹೊಸ ಮೀನು ಯಾವುದು? ಕೆರೆ, ಕಟ್ಟೆ, ಡ್ಯಾಂನದ್ದು. ಕರಾವಳಿಯವರ ಮುಂದೆ ಈ ಮಾತು ಆಡಿದರೆ ಮೂಗು ಮುರಿಯುತ್ತಾರೆ. "ಕೆಸರು ವಾಸನೆ, ಬರೇ ಮುಳ್ಳು" ಎಂದು ಮುಗಿಸಿಬಿಡ್ತಾರೆ. ಅಂಥವರನ್ನು ನಾನು ಒಮ್ಮೆ ವಾಣಿವಿಲಾಸಪುರಕ್ಕೆ ಕರೆದುಕೊಂಡು ಹೋಗ್ತೇನೆ.

ಹಿರಿಯೂರಿನಿಂದ ಸುಮಾರು 20 ಕಿ.ಮೀ. ವೇದಾವತಿ ನದಿಗೆ ಎರಡು ಗುಡ್ಡಗಳ ಸಂದಿಯಲ್ಲಿ ಕಟ್ಟಿದ ಕಲ್ಲಿನ ಅಣೆಕಟ್ಟು. ಇಲ್ಲಿಯ ಜನರ ಬಾಯಲ್ಲಿ ಅದು ಇವತ್ತಿಗೂ ಮಾರಿಕಣಿವೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಕೆಲಸ ಶುರುವಾದಾಗ ರಾಜ್ಯಭಾರ ವಹಿಸಿಕೊಂಡಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ವಾಣಿವಿಲಾಸ ಎಂಬ ಬಿರುದೇ ಡ್ಯಾಂಗೆ ಹೆಸರಾಯಿತು. ಪೂರ್ತಿ ಮಟ್ಟ 130 ಅಡಿ, 30 ಟಿಎಂಸಿ ನೀರು. ಆದರೆ ಈ ಬಯಲುಸೀಮೆಯಲ್ಲಿ ಅದು ತುಂಬುವುದೇ ಅಪರೂಪ. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ನಂತರ. ಭದ್ರಾ ಮೇಲ್ದಂಡೆಯ ನೀರು ಬರಲು ಶುರುವಾದ ಮೇಲೆ 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು. ಅದಕ್ಕೆ ಮೊದಲು ಹಲವು ವರ್ಷ ಡ್ಯಾಂ ತಳ ಕಾಣುವ ಹಾಗಿತ್ತು. ಹಿಂದೆ ನೀರು ನೋಡಲಿಕ್ಕೆ ಹೋದವರು ಬಂಡೆ ನೋಡಿ ವಾಪಸ್ ಬರುತ್ತಿದ್ದ ಜಾಗ ಅದು. ಈಗ ಹಿನ್ನೀರು ಹೊಸದುರ್ಗ ತಾಲೂಕಿನೊಳಗೆ ಚಾಚಿಕೊಂಡು, ನಮ್ಮ ಮಕ್ಕಳು "ಉಸ್ತಾದ್, ಇದು ಕಡಲಾ?" ಎಂದು ಕೇಳುವಷ್ಟು ಅಗಲವಾಗಿದೆ.

ನೀರು ಬಂದರೆ ಮೀನು. ಮೀನುಗಾರಿಕೆ ಇಲಾಖೆಯವರು ಮರಿ ಬಿಡ್ತಾರೆ, ಮೀನುಗಾರರು ತೆಪ್ಪದಲ್ಲಿ ಹೋಗಿ ಸಂಜೆ ಬಲೆ ಹಾಕಿ ಬೆಳಗ್ಗೆ ಎತ್ತುತ್ತಾರೆ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಜಿಲೇಬಿ, ಅದೃಷ್ಟ ಇದ್ದರೆ ಕೊರಮೀನು. ಇದರಲ್ಲಿ ಒಂದು ತಮಾಷೆ ಉಂಟು. ನಾವು "ಇಲ್ಲಿಯ ಮೀನು" ಎಂದು ಕರೆಯುವ ಇವುಗಳಲ್ಲಿ ಬಹುತೇಕ ನಮ್ಮ ಹಾಗೆಯೇ ಹೊರಗಿನಿಂದ ಬಂದು ನೆಲೆಸಿದವು. ಕಾಟ್ಲಾ, ರೋಹು, ಮೃಗಾಲ್ ಗಂಗಾ ಬಯಲಿನವು. ನಿಂತ ನೀರಿನಲ್ಲಿ ಅವು ಮೊಟ್ಟೆ ಇಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಇಂಜೆಕ್ಷನ್ ಕೊಟ್ಟು ಈ ಜಾತಿಯ ಮೀನು ಮರಿ ಮಾಡಿಸಿದ ಮೇಲೆ ದೇಶದ ಕೆರೆಕಟ್ಟೆಗಳಿಗೆ ಮರಿ ಹಂಚುವುದು ಸುಲಭವಾಯಿತು. ಇವತ್ತಿಗೂ ಆ ದಿನವನ್ನು ಮೀನು ಕೃಷಿಕರ ದಿನ ಎಂದು ಆಚರಿಸ್ತಾರೆ. ಜಿಲೇಬಿಯಂತೂ ಆಫ್ರಿಕಾದ್ದು, ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ.

ಡ್ಯಾಂ ಬಳಿ ದೊಡ್ಡ ಹೋಟೆಲ್ ಹುಡುಕಬೇಡಿ. ತಗಡಿನ ಮಾಡು, ಒಂದು ಬಾಣಲೆ, ಎರಡು ಬೆಂಚು, ಅಂಥ ಜಾಗಗಳೇ. ನಾನು ಹೋಗುವ ಕಡೆ ಗಂಡ ಮೀನು ಸೀಳುತ್ತಾನೆ, ಹೆಂಡತಿ ಕಾಯಿಸುತ್ತಾಳೆ. ಮೊದಲ ಸಲ ಹೋದಾಗ "ಇದು ಯಾವತ್ತಿನ ಮೀನು?" ಎಂದು ಕರಾವಳಿಯ ಗತ್ತಿನಲ್ಲಿಯೇ ಕೇಳಿದೆ. ಆತ ಬಕೆಟ್ ತೋರಿಸಿದ. ಒಳಗೆ ಗೆಂಡೆ ಇನ್ನೂ ಬಾಯಿ ತೆರೆದು ಮುಚ್ಚುತ್ತಿತ್ತು. "ನಿಮ್ ಕಡೆದು ಐಸ್‌ನಾಗೆ ಬರ್ತೈತೆ ಸಾಬ್ರೆ, ನಮ್ದು ನೀರ್ನಾಗೆ ಐತೆ" ಎಂದ. ನನ್ನ ಜೊತೆ ಇದ್ದ ಉಳ್ಳಾಲದ ಕಾಕ ಮರುಮಾತಾಡದೆ ಬೆಂಚಿನ ಮೇಲೆ ಕೂತರು.

ಅವರು ಹಚ್ಚುವ ಮಸಾಲೆ ನಮ್ಮದಲ್ಲ. ಮೆಣಸಿನಪುಡಿ, ಬೆಳ್ಳುಳ್ಳಿ, ಅರಿಸಿನ, ನಿಂಬೆಹುಳಿ, ಉಪ್ಪು, ಬೇರೇನಿಲ್ಲ. ಎಣ್ಣೆ ತೆಂಗಿನದ್ದಲ್ಲ, ಕಡಲೆಕಾಯಿಯದ್ದು. ಪಕ್ಕದ ಚಳ್ಳಕೆರೆಯ ಗಾಣಗಳು ಕಡಲೆಕಾಯಿ ಎಣ್ಣೆಗೆ ಹೆಸರುವಾಸಿ. ಬಿಸಿ ಎಣ್ಣೆಯಲ್ಲಿ ಬಿದ್ದ ಕಾಟ್ಲಾದ ಹೊಟ್ಟೆಭಾಗದ ತುಂಡು ಹೊರಗೆ ಗರಿ, ಒಳಗೆ ಬೆಣ್ಣೆ. ಮುದ್ದೆ ಜೊತೆ ಮೀನು ಸಾರು ಕೊಡ್ತಾರೆ. ಕೊಬ್ಬರಿ, ಈರುಳ್ಳಿ ಸುಟ್ಟು ಅರೆದು ಹುಣಸೆಹುಳಿ ಹಾಕಿದ ಕಪ್ಪು ಸಾರು. ಮುದ್ದೆ ನುಂಗಲು ಬಾರದ ನಮ್ಮವರು ಅನ್ನ ಕೇಳಿದರೆ ಅದೂ ಸಿಗ್ತದೆ. ಉಳ್ಳಾಲದ ಕಾಕ ಎರಡನೆಯ ಸಲ ಸಾರು ಹಾಕಿಸಿಕೊಂಡರು. ಊರಿಗೆ ಹೋಗಿ ಏನು ಹೇಳಿದರೋ ನನಗೆ ತಿಳಿಯದು.

ಎರಡು ಮಾತು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಒಂದು, ಸಂಜೆಯಾದ ಮೇಲೆ ಡ್ಯಾಂ ಕಡೆಯ, ಹೆದ್ದಾರಿ ಕಡೆಯ ಮೀನಿನಂಗಡಿಗಳಲ್ಲಿ ಬಾಟಲಿ ಹಿಡಿದು ಕೂರುವವರು ಇರ್ತಾರೆ. ಹೆಂಗಸರು ಮಕ್ಕಳು ಜೊತೆಗಿದ್ದರೆ ಮಧ್ಯಾಹ್ನದ ಒಳಗೆ ಮುಗಿಸಿ. ಇನ್ನೊಂದು ಎಣ್ಣೆಯ ವಿಷಯ. ಮೀನಿಗೆ ಕೊಯ್ಯುವ ವಿಧಿ ಇಲ್ಲ, ಯಾರು ಹಿಡಿದರೂ ಹಲಾಲ್, ಹಾಗಾಗಿ ಎಲ್ಲಿ ತಿಂದರೂ ಆಯಿತು ಎಂದು ನಮ್ಮವರು ಧೈರ್ಯವಾಗಿ ಕೂರ್ತಾರೆ. ಅದೇ ಬಾಣಲೆಯಲ್ಲಿ ಸ್ವಲ್ಪ ಮೊದಲು ಕೋಳಿ ಕಾಯಿಸಿದ್ದರೆ? ಆ ಕೋಳಿ ಯಾರು ಕೊಯ್ದದ್ದು? "ಅಣ್ಣ, ಮೀನಿಗೆ ಬೇರೆ ಎಣ್ಣೆ ಇಡ್ತೀರಾ?" ಎಂದು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಹೋಗುವ ಕಡೆ ಕೋಳಿಯೇ ಮಾಡುವುದಿಲ್ಲ, ಅದಕ್ಕೇ ಅಲ್ಲಿಗೆ ಹೋಗುವುದು.

ಹಾಗೆಯೇ ನೆಂಟರನ್ನು ಊಟಕ್ಕೆ ಕರೆಯುವವರಿಗೆ ಒಂದು ಸೂಕ್ಷ್ಮ. ಇಲ್ಲಿಯ ಉರ್ದು ಮಾತಾಡುವ ನಮ್ಮ ನೆರೆಯವರು ಹನಫಿಗಳು, ನಾವು ಶಾಫಿಈಗಳು. ಮೀನಿನ ವಿಷಯದಲ್ಲಿ ಭೇದ ಇಲ್ಲ. ಆದರೆ ಮರುವಾಯಿ, ಬೊಂಡಾಸ ಅವರ ಮದ್‌ಹಬ್‌ನಲ್ಲಿ ಇಲ್ಲ, ಸಿಗಡಿ ಬಗ್ಗೆ ಅವರ ಉಲಮಾಗಳಲ್ಲೇ ಎರಡು ಅಭಿಪ್ರಾಯ ಉಂಟು. ತಾನಾಗಿ ಸತ್ತು ನೀರಿನ ಮೇಲೆ ತೇಲುವ ಮೀನನ್ನೂ ಅವರು ತಿನ್ನುವುದಿಲ್ಲ. ಏಡಿಯ ಬಗ್ಗೆ ನಮ್ಮ ಗ್ರಂಥಗಳಲ್ಲೂ ಚರ್ಚೆ ಇದೆ, ಅದನ್ನು ಇನ್ನೊಮ್ಮೆ ಬರೆಯೋಣ. ಊರಿನಿಂದ ಪ್ರೀತಿಯಿಂದ ತರಿಸಿದ ಮರುವಾಯಿ ಸುಕ್ಕವನ್ನು ನೆರೆಮನೆಯ ಬಡೇಮಿಯಾ ಮುಟ್ಟದೆ ಎದ್ದರೆ ಮನೆಯವರ ಮುಖ ಸಣ್ಣದಾಗ್ತದೆ. ಮೊದಲೇ ತಿಳಿದಿದ್ದರೆ ಒಂದು ಮಾಂಜಿ ಹುರಿದಿಟ್ಟರೆ ಮುಗಿಯಿತು.

ಪೇಟೆಯ ಹೋಟೆಲುಗಳ ಬಗ್ಗೆ ಹೆಚ್ಚು ಹೇಳಲಿಕ್ಕೆ ಇಲ್ಲ. ಫಲಕದಲ್ಲಿ "ಮಂಗಳೂರು ಶೈಲಿ" ಎಂದು ಬರೆದ ಮಾತ್ರಕ್ಕೆ ಒಳಗೆ ನುಗ್ಗಬೇಡಿ. ಒಳಗೆ ಹೋಗಿ "ಇವತ್ತು ಯಾವ ಮೀನು ಬಂದಿದೆ?" ಎಂದು ಕೇಳಿ. "ಎಲ್ಲ ಇದೆ ಸಾರ್" ಎಂದರೆ ಎದ್ದು ಬನ್ನಿ, ಎಲ್ಲ ಮೀನು ಒಂದೇ ದಿನ ಮಂಗಳೂರಿನಲ್ಲೂ ಇರುವುದಿಲ್ಲ. "ಇವತ್ತು ಬಂಗುಡೆ ಬೇಡ, ಕಾಣೆ ತಗೊಳ್ಳಿ" ಎನ್ನುವ ಸಪ್ಲಾಯರ್ ಸಿಕ್ಕಿದರೆ ಅಲ್ಲಿ ಧೈರ್ಯವಾಗಿ ಕೂರಬಹುದು. ಮುಳ್ಳಿಲ್ಲದ ಬಿಳಿ ಫಿಶ್ ಟಿಕ್ಕಾ, ಫಿಶ್ ಫಿಂಗರ್ ಹೆಚ್ಚಿನ ಕಡೆ ಬಾಸಾ ಎಂಬ ಸಾಕಿದ ಮೀನು. ತಿನ್ನಬಾರದೆಂದಿಲ್ಲ, ಅದಕ್ಕೆ ಅಂಜಲ್‌ನ ದರ ಯಾಕೆ ಎಂಬುದು ನನ್ನ ಪ್ರಶ್ನೆ. ಕೆಂಪು ಕೆಂಪಾದ ಫಿಶ್ ಕಬಾಬ್ ನೋಡಿದರೆ ಇನ್ನೊಂದು ನೆನಪಿರಲಿ, 2024ರ ಜೂನ್‌ನಲ್ಲಿ ರಾಜ್ಯ ಸರಕಾರ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದೆ, ಅದರಲ್ಲಿ ಮೀನಿನದ್ದೂ ಸೇರಿದೆ. ಬ್ಯಾಡಗಿ ಮೆಣಸಿನ ಕೆಂಪು ಬೇರೆ, ಡಬ್ಬಿಯ ಕೆಂಪು ಬೇರೆ. ತಟ್ಟೆ ತೊಳೆದ ಮೇಲೂ ಬೆರಳಿನಲ್ಲಿ ಉಳಿಯುವುದು ಎರಡನೆಯದು.

ನಿಜ ಹೇಳುವುದಾದರೆ ಈ ಜಿಲ್ಲೆಯಲ್ಲಿ ಅತ್ಯಂತ ಒಳ್ಳೆಯ ಮೀನೂಟ ಸಿಗುವುದು ಡ್ಯಾಂ ಮೀನು ತಂದು ಬ್ಯಾರಿ ಮಸಾಲೆ ಅರೆದ ಮನೆಗಳಲ್ಲಿ. ಹೊಳಲ್ಕೆರೆಯಲ್ಲಿ ಇಪ್ಪತ್ತು ವರ್ಷದಿಂದ ಇರುವ ಒಬ್ಬ ಉಮ್ಮನ ಕೈಯಡುಗೆ ಉಂಡ ಮೇಲೆ ಈ ಮಾತು ಹೇಳುತ್ತಿದ್ದೇನೆ. ಕೆಸರು ವಾಸನೆಗೆ ಅವರ ಮದ್ದು ಸರಳ. ಮೀನಿನ ಹೊಟ್ಟೆಯ ಒಳಗಿನ ಕಪ್ಪು ಪೊರೆಯನ್ನು ಉಜ್ಜಿ ತೆಗೆಯಬೇಕು, ಬೆನ್ನುಮೂಳೆಯ ಉದ್ದಕ್ಕೆ ಇರುವ ರಕ್ತದ ಗೆರೆಯನ್ನು ಬೆರಳಿನ ಉಗುರಿನಿಂದ ಕೀಳಬೇಕು. ಆಮೇಲೆ ಕಲ್ಲುಪ್ಪು, ಅರಿಸಿನ, ಹುಣಸೆಹುಳಿಯ ನೀರಿನಲ್ಲಿ ಅರ್ಧ ಗಂಟೆ ಇಟ್ಟು ತೊಳೆದರೆ ವಾಸನೆ ಹೋಗ್ತದೆ. ಆ ವಾಸನೆ ಮೀನು ಕೆಟ್ಟದ್ದರಿಂದ ಬರುವುದಲ್ಲ, ನೀರಿನ ಪಾಚಿಯಂಥ ಸೂಕ್ಷ್ಮಜೀವಿಗಳಿಂದ ಬರುವ ಜಿಯೋಸ್ಮಿನ್ ಎಂಬ ವಸ್ತುವಿನದ್ದು. ಮಳೆ ಬಿದ್ದಾಗ ಮಣ್ಣಿನಿಂದ ಏಳುವ ಪರಿಮಳವೂ ಅದೇ. ಹುಳಿ ಬಿದ್ದರೆ ಅದು ಒಡೆದು ಹೋಗ್ತದೆ. ಅವರ ಗಸಿಯಲ್ಲಿ ಮೆಂತೆ ಒಂದು ಚಿಟಿಕೆ ಹೆಚ್ಚು, ಶುಂಠಿ ಹೆಚ್ಚು, ಹುಳಿ ಎರಡು ಪಾಲು. ತೆಂಗಿನಕಾಯಿಗೆ ಚಿಂತೆಯೇ ಇಲ್ಲ, ಹೊಸದುರ್ಗ, ಹೊಳಲ್ಕೆರೆ ಕಡೆ ತೋಟದಲ್ಲೇ ಬೆಳೆಯುತ್ತದೆ. ಪಿಂಡಿಯ ಜೊತೆ ಆ ಗಸಿ ತಿಂದರೆ ಇದು ಯಾವ ನೀರಿನ ಮೀನು ಎಂದು ಕೇಳುವ ನೆನಪೇ ಬರುವುದಿಲ್ಲ.

ಮುಳ್ಳಿನ ಮಾತು ಬಾಕಿ ಉಂಟು. ರೋಹು, ಮೃಗಾಲ್, ಗೆಂಡೆಯ ಮಾಂಸದೊಳಗೆ ಕವೆಯಾಕಾರದ ಸಣ್ಣ ಮುಳ್ಳು ಇರ್ತವೆ, ಬೆನ್ನಿನ ಕಡೆ ಮತ್ತು ಬಾಲದ ಕಡೆ ಜಾಸ್ತಿ. ಮಕ್ಕಳಿಗೆ ದೊಡ್ಡ ಕಾಟ್ಲಾದ ಹೊಟ್ಟೆಭಾಗ ಕೊಡಿ, ಅಲ್ಲಿ ಬರೇ ಪಕ್ಕೆಲುಬು, ಕೈಗೆ ಸಿಗ್ತದೆ. ಎರಡು ಕೆ.ಜಿ.ಗಿಂತ ದೊಡ್ಡ ಮೀನು ತಂದರೆ ಮುಳ್ಳೂ ದೊಡ್ಡದು, ಕಣ್ಣಿಗೆ ಕಾಣ್ತದೆ. ಕೊರಮೀನಿಗೆ ಈ ಕಾಟ ಕಡಿಮೆ. ಗಾಳಿ ಉಸಿರಾಡುವ ಜಾತಿಯಾದ್ದರಿಂದ ಜೀವಂತವಾಗಿಯೇ ಮಾರುತ್ತಾರೆ, ದರ ಮಾತ್ರ ಕಡಲ ಮೀನಿಗೆ ಸಮ. ಬಂಗುಡೆ ಬಿಟ್ಟ ಆ ಹುಡುಗಿಯ ಮನೆಗೆ ನಾನು ಹೇಳಿದ್ದು ಕೊರಮೀನನ್ನೇ. ಅವಳು ಮೊದಲು ಸಾರು ಮಾತ್ರ ತಿಂದಳಂತೆ. ಮುಂದಿನ ವಾರ ಒಂದು ತುಂಡು.

ಮೀನು ಮನೆಗೆ ತರುವವರು ಭಾನುವಾರ ಕಾಯಬೇಡಿ, ಅವತ್ತು ಬೆಂಗಳೂರು ಕಡೆಯ ಕಾರುಗಳೇ ತುಂಬಿರ್ತವೆ, ದರವೂ ಏರಿರ್ತದೆ. ವಾರದ ನಡುವೆ ಸುಬ್‌ಹಿ ನಮಾಝ್ ಮುಗಿಸಿ ಹಿರಿಯೂರಿನಿಂದ ಹೊರಟರೆ ಬಲೆ ಎತ್ತಿ ತೆಪ್ಪ ದಡಕ್ಕೆ ಬರುವ ಹೊತ್ತಿಗೆ ನೀವು ಅಲ್ಲಿ ಇರ್ತೀರಿ. ಕೈಯಲ್ಲೊಂದು ಮುಚ್ಚಳದ ಡಬ್ಬ, ಅದರಲ್ಲಿ ಸ್ವಲ್ಪ ಐಸ್ ಇರಲಿ. ಡ್ಯಾಂ ಮೀನಾದರೂ ದುರ್ಗದ ಬಿಸಿಲು ಬಿಸಿಲೇ.